ಫೋರ್ ಬೈ ಫೋರ್ ಗಾಡಿಗೆ ಸ್ಟೆಪ್ನಿ ಆರಿಸೋದು ಹೇಗೆ

ಹೋದ ಮಳೆಗಾಲದಲ್ಲಿ ನಮ್ಮ ಭಾವನ ಜಿಮ್ನಿಲಿ (ಸುಜುಕಿಯ ಫೋರ್ ಬೈ ಫೋರ್, ಅಂದ್ರೆ ನಾಲ್ಕೂ ಚಕ್ರಕ್ಕೆ ಪವರ್ ಕೊಡೋಕಾಗೋ ಗಾಡಿ) ಮೂಡಿಗೆರೆ ಹತ್ರ ಪರಿಚಯದವರ ಕಾಫಿ ತೋಟಕ್ಕೆ ಹೋಗಿದ್ವಿ. ಗೇಟಿಂದ ಮನೆವರೆಗೆ ಒಂದೂವರೆ ಕಿಲೋಮೀಟರ್ ಕಚ್ಚಾ ರಸ್ತೆ, ಮಳೆಗೆ ಮಣ್ಣೆಲ್ಲ ಕೊಚ್ಕೊಂಡು ಹೋಗಿ ಬರೀ ಕಲ್ಲು ಎದ್ದಿತ್ತು, ಅದರಲ್ಲೊಂದು ಚೂಪು ಕಲ್ಲು ಹಿಂದಿನ ಎಡಗಡೆ ಟೈರಿನ ಸೈಡ್‌ವಾಲನ್ನ (ಟೈರಿನ ಪಕ್ಕದ ಭಾಗನ) ಎರಡಿಂಚು ಸೀಳಿಬಿಡ್ತು. ಟ್ರೆಡ್ ಮೇಲೆ, ಅಂದ್ರೆ ನೆಲ ಮುಟ್ಟೋ ಗೀರುಗೀರು ಭಾಗದಲ್ಲಿ, ಮೊಳೆ ಚುಚ್ಚಿದ್ರೆ ನಾವೇ ಪ್ಲಗ್ ಹಾಕ್ಕೊಂಡು ಹೊರಡ್ತಿದ್ವಿ, ಕಿಟ್ ಇತ್ತು, ಗಾಳಿ ಹೊಡೆಯೋ ಮಿಷಿನ್ನೂ ಇತ್ತು, ಆದ್ರೆ ಸೈಡ್ ಹರಿದ್ರೆ ಪ್ಲಗ್ ಕೆಲಸಕ್ಕೆ ಬರಲ್ಲ. ಸರಿ ಸ್ಟೆಪ್ನಿ ಇದೆಯಲ್ಲ ಅಂತ ಹಿಂದೆ ಹೋಗಿ ಕವರ್ ಬಿಚ್ಚಿದ್ರೆ ಒಳಗಿರೋದು ಕಂಪನಿಯಿಂದ ಬಂದ 195/80 ಆರ್15, ಕೆಳಗೆ ಓಡ್ತಿರೋ ನಾಲ್ಕು ಮಾತ್ರ ಭಾವ ಆಸೆಪಟ್ಟು ಗಾಡಿನ ಲಿಫ್ಟ್ ಮಾಡ್ಸಿ (ಎತ್ತರ ಮಾಡ್ಸಿ) ಹಾಕ್ಸಿದ ದೊಡ್ಡ ಸೈಜಿನ 235/75 ಆರ್15 ಆಲ್ ಟೆರೇನ್, ಅಂದ್ರೆ ಡಾಂಬರು ಮಣ್ಣು ಎರಡಕ್ಕೂ ಆಗೋ ಟೈರು. "ಸ್ಟೆಪ್ನಿ ಸುಮ್ನೆ ನೇತಾಡ್ಕೊಂಡಿರತ್ತಲ್ಲ ಮಾರಾಯ, ಅದಕ್ಕೂ ಯಾಕೆ ದುಡ್ಡು ಸುರಿಯೋದು ಅಂತ ಬಿಟ್ಟೆ" ಅಂದ್ರು.

ಅದನ್ನಾದ್ರೂ ಹಾಕೋಣ ಅಂದ್ರೆ ಇರೋ ಚಕ್ರ ಬಿಚ್ಚೋಕಾಗ್ಬೇಕಲ್ಲ. ಹೊಸ ಅಲಾಯ್ ಜೊತೆ ಬಂದಿದ್ದು ಮಾಮೂಲಿ ಆರು ಮೂಲೆ ನಟ್ಟಲ್ಲ, ಹೊರಗೆಲ್ಲ ಹಲ್ಲುಹಲ್ಲಾಗಿರೋ ತೆಳ್ಳಗಿನ ನಟ್ಟು, ಅದನ್ನ ತಿರುಗ್ಸೋಕೆ ಒಂದು ಸಣ್ಣ ಕೀ ಬೇಕು, ಆ ಕೀ ಬಿಲ್ಲಿನ ಜೊತೆ ಮನೆ ಡ್ರಾಯರಲ್ಲಿ ಭದ್ರವಾಗಿ ಕೂತಿತ್ತು. ತೋಟದ ಲೆಕ್ಕ ನೋಡ್ಕೊಳ್ಳೋ ರೈಟರ್ ಬಂದು ನೋಡಿ, ನಕ್ಕು, ಶೆಡ್ಡಿಂದ ಒಂದು ಹಳೇ ಸಾಕೆಟ್ ತಂದು ನಟ್ಟಿನ ಮೇಲಿಟ್ಟು ಸುತ್ತಿಗೆಲಿ ಬಡಿದು ಕೂರ್ಸಿ ಒಂದೊಂದಾಗಿ ಬಿಚ್ಚಿದ್ರು. ಐದೂ ಬಂತು, ಐದೂ ಹಾಳಾಯ್ತು. ಕಂಪನಿ ನಟ್ಟುಗಳೂ ಮನೇಲೇ. ಕೊನೆಗೆ ನಮ್ಮನ್ನ ಕಾಪಾಡಿದ್ದು ತೋಟದ ಹಳೇ ಜಿಪ್ಸಿ, ಎರಡೂ ಸುಜುಕಿ, ಎರಡರದ್ದೂ 12 ಎಂಎಂ ದಪ್ಪ 1.25 ಪಿಚ್ಚಿನ (ಸುತ್ತುಗೀರುಗಳ ನಡುವೆ 1.25 ಎಂಎಂ ಅಂತರ ಇರೋ) ನಟ್ಟು, ಅದರ ಒಂದೊಂದು ಚಕ್ರದಿಂದ ಒಂದೊಂದು ನಟ್ಟು ಸಾಲ ತಗೊಂಡು ನಾಲ್ಕೇ ನಟ್ಟಲ್ಲಿ ಸ್ಟೆಪ್ನಿ ಕೂರ್ಸಿದ್ವಿ. ಇದನ್ನ ನೀವು ಮಾಡ್ಬೇಡಿ, ನಮಗೆ ಬೇರೆ ದಾರಿ ಇರ್ಲಿಲ್ಲ, ಮುಂದಿನ ಊರಿನವರೆಗೆ ತೆವಳ್ಕೊಂಡು ಬಂದಿದ್ದು.

ಕತೆ ಅಲ್ಲಿಗೂ ಮುಗೀಲಿಲ್ಲ. ವಾಪಸ್ ಬರುವಾಗ ಕೆಸರಿನ ಏರು, ಫೋರ್ ಹೈ (ನಾಲ್ಕೂ ಚಕ್ರಕ್ಕೆ ಪವರ್) ಹಾಕಿದ್ರು, ಸಲೀಸಾಗಿ ಹತ್ತಿತು. ಏರು ಮುಗಿದ ಮೇಲೆ ಪಂಚಾಯ್ತಿ ಕಾಂಕ್ರೀಟ್ ರಸ್ತೆ, ಭಾವ ಮಾತಾಡ್ತಾ ಟೂ ಹೈಗೆ (ಬರೀ ಹಿಂದಿನ ಎರಡು ಚಕ್ರಕ್ಕೆ ಪವರ್) ಹಾಕೋದು ಮರೆತ್ರು. ಸ್ವಲ್ಪ ದೂರದಲ್ಲೇ ಗಾಡಿ ಯಾರೋ ಹಿಂದಿಂದ ಹಿಡ್ಕೊಂಡಂಗೆ ಎಳೆಯೋಕೆ ಶುರು, ತಿರುವಲ್ಲಿ ಸ್ಟೇರಿಂಗ್ ಬಿಗಿ, ಕೆಳಗಿಂದ ಕಟ್ ಕಟ್ ಅಂತ ಸದ್ದು. ಲಿವರ್ ಎಳೆದ್ರೆ ಬರ್ತಾನೇ ಇಲ್ಲ. ನೇರವಾಗಿ ಒಂದು ಹತ್ತಡಿ ರಿವರ್ಸ್ ತಗೊಂಡ ಮೇಲೆ ಟಕ್ ಅಂತ ಬಿಟ್ಕೊಂಡ್ತು. ಪಂಕ್ಚರ್ ಅಂಗಡಿ ಕಾಕ ಎರಡೂ ಚಕ್ರ ನೋಡಿ ಹೇಳಿದ್ದು ಒಂದೇ ಮಾತು, "ಇದು ಸ್ಟೆಪ್ನಿ ಅಲ್ಲ ಸಾರ್, ಬೇರೆ ಗಾಡಿ ಚಕ್ರ."

ಕಾಕ ಹೇಳಿದ್ದೇ ಸರಿ. ಮಾಮೂಲಿ ಕಾರಲ್ಲಿ ಸ್ಟೆಪ್ನಿ ಸ್ವಲ್ಪ ಚಿಕ್ಕದಿದ್ರೂ ಹೇಗೋ ಊರು ಸೇರಬಹುದು, ಫೋರ್ ಬೈ ಫೋರ್‌ಲಿ ಸ್ಟೆಪ್ನಿ ಅಂದ್ರೆ ಐದನೇ ಚಕ್ರ, ಕೆಳಗಿರೋ ನಾಲ್ಕರ ಒಡಹುಟ್ಟಿದ್ದಂಗಿರ್ಬೇಕು. ಅದನ್ನ ಆರಿಸೋದು ನಾಲ್ಕು ಟೈರ್ ತಗೊಳ್ಳೋ ದಿನಾನೇ, ಪಂಕ್ಚರ್ ಆದ ದಿನ ಅಲ್ಲ.

ಅಂದಹಾಗೆ ಈ ಸ್ಟೆಪ್ನಿ ಅನ್ನೋ ಪದ ಬಂದಿದ್ದು ವೇಲ್ಸ್ ದೇಶದ ಲಾನೆಲ್ಲಿ ಊರಿನ ಸ್ಟೆಪ್ನಿ ಸ್ಟ್ರೀಟ್ ಅನ್ನೋ ಬೀದಿಯಿಂದ. ಆಗಿನ ಕಾರುಗಳಲ್ಲಿ ಹೆಚ್ಚುವರಿ ಚಕ್ರ ಇಡೋ ಪದ್ಧತಿನೇ ಇರ್ಲಿಲ್ಲ, 1904ರಲ್ಲಿ ಅಲ್ಲಿನ ಡೇವಿಸ್ ಅಣ್ಣತಮ್ಮಂದಿರು ಕಡ್ಡಿ ಇಲ್ಲದ ಒಂದು ರಿಮ್ಮಿಗೆ ಗಾಳಿ ತುಂಬಿದ ಟೈರ್ ಹಾಕಿ, ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ಅದನ್ನ ಕ್ಲಾಂಪ್ ಮಾಡೋ ಉಪಾಯ ಕಂಡುಹಿಡಿದ್ರು. ನೂರಿಪ್ಪತ್ತು ವರ್ಷ ಆದ್ಮೇಲೂ ನಮ್ಮೂರ ಪಂಕ್ಚರ್ ಅಂಗಡೀಲಿ ಆ ಬೀದಿ ಹೆಸರು ದಿನಾ ಕೇಳತ್ತೆ.

ಈಗ ಲೆಕ್ಕಕ್ಕೆ ಬರೋಣ. ಟೈರಿನ ಪಕ್ಕ ಬರೆದಿರೋ ನಂಬರಲ್ಲಿ ಮೊದಲನೇದು ಅಗಲ, ಮಿಲಿಮೀಟರಲ್ಲಿ. ಓರೆಗೀಟು ಆದ್ಮೇಲೆ ಬರೋದು ಆ ಅಗಲದ ಶೇಕಡಾ ಎಷ್ಟು ಸೈಡ್‌ವಾಲಿನ ಎತ್ತರ ಅಂತ. ಕೊನೇದು ರಿಮ್ಮು, ಇಂಚಲ್ಲಿ. 195/80 ಆರ್15 ಅಂದ್ರೆ ಸೈಡ್‌ವಾಲ್ 156 ಎಂಎಂ, ಮೇಲೊಂದು ಕೆಳಗೊಂದು ಸೇರಿ 312, ರಿಮ್ 15 ಇಂಚು ಅಂದ್ರೆ 381, ಒಟ್ಟು ಎತ್ತರ 693 ಎಂಎಂ. ಅದೇ ಥರ 235/75 ಆರ್15ಗೆ ಹಾಕಿದ್ರೆ 733 ಚಿಲ್ಲರೆ. ನಾಲ್ಕು ಸೆಂಟಿಮೀಟರ್ ವ್ಯತ್ಯಾಸ, ಕಣ್ಣಿಗೆ ಅಷ್ಟೇನೂ ಕಾಣಲ್ಲ, ಆದ್ರೆ ಚಿಕ್ಕ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 459 ಸುತ್ತು ಹೊಡೆದ್ರೆ ದೊಡ್ಡದು 434. ಇಪ್ಪತ್ತೈದು ಸುತ್ತು ಹೆಚ್ಚು, ಪ್ರತಿ ಕಿಲೋಮೀಟರಿಗೂ. ಆ ಆಕ್ಸಲ್ಲಿನ (ಎಡ ಬಲದ ಚಕ್ರ ಜೋಡಿಸೋ ಅಚ್ಚಿನ) ಡಿಫರೆನ್ಷಿಯಲ್ ಅನ್ನೋ ಗೇರುಗಳ ಜೋಡಣೆ ಎಡ ಬಲದ ವ್ಯತ್ಯಾಸನ ಹೇಗೋ ಸರಿದೂಗಿಸ್ಕೊಳ್ಳತ್ತೆ, ಆದ್ರೆ ಆಕ್ಸಲ್ಲಿನ ಸರಾಸರಿ ಸ್ಪೀಡೇ ಹೆಚ್ಚಾಗಿರತ್ತಲ್ಲ, ಅಂದ್ರೆ ಹಿಂದಿನ ಆಕ್ಸಲ್ಲು ಮುಂದಿನದಕ್ಕಿಂತ ಕಿಲೋಮೀಟರಿಗೆ ಹನ್ನೆರಡು ಹದಿಮೂರು ಸುತ್ತು ಜಾಸ್ತಿ ತಿರುಗ್ಬೇಕು. ಜಿಮ್ನಿ, ಥಾರ್, ಫಾರ್ಚುನರ್, ವಿ-ಕ್ರಾಸ್ ಇವೆಲ್ಲ ಪಾರ್ಟ್ ಟೈಮ್ (ಬೇಕಾದಾಗ ಮಾತ್ರ ನಾವೇ ಹಾಕೋ) ಫೋರ್ ವೀಲ್, ಫೋರ್ ಹೈ ಹಾಕಿದ ತಕ್ಷಣ ಮುಂದಿನ ಹಿಂದಿನ ಶಾಫ್ಟ್ ಎರಡೂ ಒಂದಕ್ಕೊಂದು ಲಾಕ್, ನಡುವೆ ಸಡಿಲ ಬಿಡೋಕೆ ಏನೂ ಇರಲ್ಲ. ಕೆಸರಲ್ಲಿ, ಮರಳಲ್ಲಿ ಟೈರು ಜಾರಿ ಆ ವ್ಯತ್ಯಾಸ ಕಳ್ಕೊಳ್ಳತ್ತೆ. ಒಣ ಡಾಂಬರು ಕಾಂಕ್ರೀಟಲ್ಲಿ ಟೈರು ಜಾರಲ್ಲ, ಆ ಬಿಗಿಯೆಲ್ಲ ಹೋಗಿ ಗೇರು ಶಾಫ್ಟಲ್ಲಿ ಕಟ್ಕೊಂಡು ಕೂರತ್ತೆ. ನಾಲ್ಕೂ ಒಂದೇ ಸೈಜ್ ಇದ್ರೂ ಒಣ ರಸ್ತೇಲಿ ಫೋರ್ ಹೈ ಹಾಕ್ಬಾರ್ದು ಅನ್ನೋದು ಇದಕ್ಕೇ, ತಿರುವಲ್ಲಿ ಹೀಗೇ ಆಗತ್ತೆ. ಸೈಜ್ ಬೇರೆ ಇದ್ರೆ ನೇರ ರಸ್ತೇಲೂ ಅದೇ ಪಾಡು.

ಹಾಗಾಗಿ ಮೊದಲು ನೋಡ್ಬೇಕಾದ್ದು ಒಟ್ಟು ಎತ್ತರ, ರಿಮ್ ಸೈಜಲ್ಲ. ಇದರಲ್ಲಿ ಎಷ್ಟೋ ಜನ ಉಲ್ಟಾ ಹೊಡೀತಾರೆ. ಫಾರ್ಚುನರಲ್ಲಿ 265/65 ಆರ್17 ಇದೆ, 265/60 ಆರ್18 ಇದೆ, ಲೆಕ್ಕ ಹಾಕಿ ನೋಡಿ, ಒಂದು 776, ಇನ್ನೊಂದು 775, ಬರೀ ಒಂದು ಎಂಎಂ ವ್ಯತ್ಯಾಸ. ಅದೇ ಥಾರಲ್ಲಿ 245/75 ಆರ್16 ಹಾಕಿದ್ರೆ 774, 255/65 ಆರ್18 ಹಾಕಿದ್ರೆ 789, ಹದಿನೈದು ಎಂಎಂ ಬೇರೆ. ಒಂದೇ ಗಾಡಿ ಹೆಸರು ಅಂತ ಫ್ರೆಂಡ್ ಹತ್ರ ಇರೋ ಸ್ಟೆಪ್ನಿ ತಂದು ನೇತುಹಾಕ್ಕೊಳ್ಳೋ ಮುಂಚೆ ಈ ಗುಣಾಕಾರ ಭಾಗಾಕಾರ ಮಾಡಿ, ಫೋನಲ್ಲಿ ಎರಡು ನಿಮಿಷದ ಕೆಲಸ.

ಇನ್ನೊಂದು ವಿಷ್ಯ, ಇದನ್ನ ಟೈರ್ ಅಂಗಡಿಯವರು ತಾವಾಗಿ ಹೇಳೋದು ಕಮ್ಮಿ. ಸೈಜ್ ಒಂದೇ ಇದ್ರೂ ಸವೆತ ಬೇರೆ ಇದ್ರೆ ಸಾಕು. ಹೊಸ ಟೈರಲ್ಲಿ ಟ್ರೆಡ್ 9 ಎಂಎಂ ಇದೆ ಅನ್ಕೊಳ್ಳಿ, ಓಡಿ ಓಡಿ 3 ಎಂಎಂಗೆ ಬಂದಿರೋ ಟೈರು ಎರಡೂ ಕಡೆ ಸೇರಿ 12 ಎಂಎಂ ಕುಳ್ಳಗಾಗಿರತ್ತೆ. ಅಂದ್ರೆ ಥಾರಿನ ಎರಡು ಸೈಜ್ ನಡುವೆ ಇರೋ ವ್ಯತ್ಯಾಸದಷ್ಟೇ ಹತ್ರಹತ್ರ. ಐವತ್ತು ಸಾವಿರ ಕಿಲೋಮೀಟರ್ ಓಡಿದ ನಾಲ್ಕು ಟೈರು, ಒಂದು ಸಲನೂ ನೆಲ ಮುಟ್ಟದ ಸ್ಟೆಪ್ನಿ, ಇದೇ ನಮ್ಮಲ್ಲಿ ಹೆಚ್ಚು ಗಾಡಿಗಳ ಸ್ಥಿತಿ. ನಾನು ಇಟ್ಕೊಂಡಿರೋ ಲೆಕ್ಕ ಏನಂದ್ರೆ ಸೈಜ್ ಅದೇ, ಆದಷ್ಟೂ ಅದೇ ಕಂಪನಿ ಅದೇ ಪ್ಯಾಟರ್ನ್, ಟ್ರೆಡ್ ಆಳದಲ್ಲಿ ಎರಡು ಎಂಎಂ ಒಳಗೆ ವ್ಯತ್ಯಾಸ. ಬೇರೆ ಬೇರೆ ಕಂಪನಿಯವರ ಒಂದೇ ಸೈಜಿನ ಟೈರುಗಳೂ ನಿಜವಾಗಿ ಅಳೆದ್ರೆ ಕೆಲವು ಎಂಎಂ ಆಚೀಚೆ ಇರತ್ತೆ, ಅದಕ್ಕೇ ಕಂಪನಿ ಪ್ಯಾಟರ್ನ್ ಹಠ ಮಾಡೋದು.

ಅಳೆಯೋಕೆ ದೊಡ್ಡ ಸಾಮಾನೇನೂ ಬೇಡ. ಓಡ್ತಿರೋ ಟೈರಿನ ತಳದಲ್ಲಿ, ನೆಲ ಮುಟ್ಟೋ ಜಾಗದಲ್ಲಿ ಸೀಮೆಸುಣ್ಣದಲ್ಲಿ ಒಂದು ಗೀಟು, ನೆಲದ ಮೇಲೂ ಅಲ್ಲೇ ಒಂದು ಗೀಟು. ಗಾಡಿನ ನ್ಯೂಟ್ರಲ್ ಮಾಡಿ ಯಾರಾದ್ರೂ ನಿಧಾನಕ್ಕೆ ತಳ್ಳಲಿ, ಟೈರಿನ ಗೀಟು ಒಂದು ಸುತ್ತು ಬಂದು ಮತ್ತೆ ನೆಲ ಮುಟ್ಟಿದಾಗ ಅಲ್ಲೊಂದು ಗೀಟು. ಎರಡು ಗೀಟಿನ ನಡುವೆ ಟೇಪ್ ಹಿಡೀರಿ. ಆಮೇಲೆ ಸ್ಟೆಪ್ನಿನ ಅದೇ ಗಾಳಿ ಒತ್ತಡಕ್ಕೆ ತಂದು ಅದೇ ಚಕ್ರದ ಜಾಗಕ್ಕೆ ಹಾಕಿ ಅದೇ ಥರ ಅಳೀರಿ. ಸ್ಟೆಪ್ನಿನ ಬಿಡಿಯಾಗಿ ನೆಲದ ಮೇಲೆ ಉರುಳಿಸಿ ಅಳೆದ್ರೆ ಸರಿ ಬರಲ್ಲ, ಗಾಡಿ ಭಾರ ಬಿದ್ದಾಗ ಟೈರು ಸ್ವಲ್ಪ ಅಮುಕ್ಕೊಂಡಿರತ್ತೆ. ಈ ನೆಪದಲ್ಲಿ ಜಾಕ್ ಹಾಕೋದು, ನಟ್ಟು ಬಿಚ್ಚೋದು, ಸ್ಟೆಪ್ನಿ ಇಳಿಸೋದು ಎಲ್ಲ ಮನೆ ಅಂಗಳದಲ್ಲೇ ಒಂದು ಸಲ ಆಗಿಹೋಗತ್ತೆ, ನನ್ನ ಪ್ರಕಾರ ಅಳತೆಗಿಂತ ಅದೇ ದೊಡ್ಡ ಲಾಭ.

ಎತ್ತರ ಸರಿ ಹೋಯ್ತು ಅಂದ್ಮೇಲೆ ಅದೇ ಸಾಲಲ್ಲಿ ಕೊನೆಗೆ ಒಂದು ಅಂಕಿ ಒಂದು ಅಕ್ಷರ ಇರತ್ತೆ, ಜಿಮ್ನಿ ಟೈರಲ್ಲಿ 96 ಎಸ್ ಅಂತ ಇದೆ ನೋಡಿ. 96 ಅಂದ್ರೆ ಆ ಒಂದು ಟೈರು 710 ಕೆಜಿ ಹೊರತ್ತೆ, ಎಸ್ ಅಂದ್ರೆ 180 ಕಿಲೋಮೀಟರ್ ಸ್ಪೀಡಿನವರೆಗೆ ತಡೆಯತ್ತೆ. ಸ್ಟೆಪ್ನಿದು ಇದಕ್ಕಿಂತ ಕಮ್ಮಿ ಇರ್ಬಾರ್ದು, ಜಾಸ್ತಿ ಇದ್ರೆ ತೊಂದ್ರೆ ಇಲ್ಲ. ಕೆಸರಿಗೆ ಅಂತ ಮಾಡಿದ ಮಡ್ ಟೈರಲ್ಲಿ ಸಾಮಾನ್ಯವಾಗಿ ಕ್ಯೂ ಅಂತ ಬರೆದಿರತ್ತೆ, 160 ಅಂತ ಅರ್ಥ, ನಮ್ಮ ರಸ್ತೆಗೆ ಅದು ಸಾಕು ಅನ್ನೋದು ಬೇರೆ ಮಾತು.

ಆಮೇಲೆ ರಿಮ್ಮು. ಐದು ತೂತು ಇದೆ, ನಮ್ಮ ಗಾಡೀಲೂ ಐದು ಬೋಲ್ಟ್ ಇದೆ, ಕೂರತ್ತೆ ಬಿಡಿ ಅಂತಾರೆ ಗುಜರಿ ಅಂಗಡೀಲಿ, ನಂಬ್ಬೇಡಿ. ಬೋಲ್ಟುಗಳು ಕೂತಿರೋ ವೃತ್ತದ ಅಳತೆಗೆ ಪಿಸಿಡಿ ಅಂತಾರೆ, ಜಿಮ್ನಿ ಜಿಪ್ಸಿ ಎರಡರದ್ದೂ ಐದು ಬೋಲ್ಟು 139.7 ಎಂಎಂ, ಇನ್ನೋವಾ ಕ್ರಿಸ್ಟಾದು ಐದೇ ಬೋಲ್ಟಾದ್ರೂ 114.3, ಫಾರ್ಚುನರ್, ವಿ-ಕ್ರಾಸ್‌ದು ಆರು ಬೋಲ್ಟು 139.7. ನಡುವಿನ ತೂತು ಗಾಡಿಯ ಹಬ್ (ಚಕ್ರ ಕೂರೋ ನಡುಭಾಗ) ಮೇಲೆ ಕೂರ್ಬೇಕು, ಜಿಮ್ನಿದು 108 ಎಂಎಂ, ಚಿಕ್ಕದಿದ್ರೆ ಒಳಗೆ ಹೋಗೋದೇ ಇಲ್ಲ. ಇನ್ನೊಂದು ಆಫ್‌ಸೆಟ್ಟು, ಅಂದ್ರೆ ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ತಾಗೋ ಮುಖ ಎಷ್ಟು ಒಳಗೆ ಹೊರಗೆ ಇದೆ ಅಂತ. ಇದು ರಿಮ್ಮಿನ ಮೇಲೆ ಇಟಿ ಅಂತ ಬರೆದಿರತ್ತೆ. ಹೊರಗಿರೋ ನಾಲ್ಕು ಅಲಾಯ್ ಅಗಲ ನಿಂತ್ಕೊಳ್ಳೋ ಥರದ್ದು, ಸ್ಟೆಪ್ನಿ ಮಾತ್ರ ಕಂಪನಿ ಡಿಸ್ಕು (ಸ್ಟೀಲ್ ರಿಮ್ಮು) ಅಂತಾದ್ರೆ ಅಗಲದ ಟೈರು ಆ ಡಿಸ್ಕಲ್ಲಿ ಒಳಗಡೆ ಸಸ್ಪೆನ್ಷನ್ನಿಗೆ ಉಜ್ಜೋ ಸಾಧ್ಯತೆ ಇದೆ, ಅದೂ ಮುಂದಿನ ಚಕ್ರಕ್ಕೆ ಹಾಕಿ ಸ್ಟೇರಿಂಗ್ ಪೂರ್ತಿ ತಿರುಗ್ಸಿದಾಗ. ಬ್ರೇಕ್ ಕ್ಯಾಲಿಪರ್ (ಬ್ರೇಕಿನ ಇಕ್ಕಳದಂಥ ಭಾಗ) ಕೂಡ ನೋಡ್ಕೊಳ್ಳಿ, ಚಿಕ್ಕ ಇಂಚಿನ ರಿಮ್ಮು ತಂದ್ರೆ ಒಳಗೆ ಕ್ಯಾಲಿಪರಿಗೆ ತಾಗಿ ಚಕ್ರನೇ ತಿರುಗಲ್ಲ. ಸ್ಟೆಪ್ನಿನ ಹಿಂದೆ ಮುಂದೆ ಎರಡೂ ಕಡೆ ಕೂರ್ಸಿ ನೋಡ್ಬೇಕು ಅನ್ನೋದು ಇದಕ್ಕೇ, ಪಂಕ್ಚರ್ ಯಾವ ಚಕ್ರಕ್ಕೆ ಆಗತ್ತೆ ಅಂತ ಯಾರಿಗೆ ಗೊತ್ತು.

ಅಲಾಯಾ ಡಿಸ್ಕಾ ಅಂತ ಕೇಳೋರು ಜಾಸ್ತಿ. ಕಾಡು ತೋಟ ಅಂತ ಓಡಾಡೋರಿಗೆ ನಾನು ಹೇಳೋದು ಸ್ಟೆಪ್ನಿಗೆ ಸ್ಟೀಲ್ ಡಿಸ್ಕೇ ಇರ್ಲಿ, ಸೈಜೂ ಆಫ್‌ಸೆಟ್ಟೂ ಹೊಂದಿದ್ರೆ. ಕಲ್ಲಿಗೆ ಹೊಡೆದ್ರೆ ಡಿಸ್ಕು ಬಾಗತ್ತೆ, ಸುತ್ತಿಗೆಲಿ ಬಡಿದು ನೆಟ್ಟಗೆ ಮಾಡ್ಕೊಂಡು ಮನೆ ಸೇರಬಹುದು, ಅಲಾಯ್ ಬಿರುಕು ಬಿಟ್ರೆ ಮುಗೀತು. ಜಿಮ್ನಿಯ ಜೀಟಾ ಮಾಡೆಲಲ್ಲಿ ಸ್ಟೀಲ್ ಡಿಸ್ಕೇ ಬರತ್ತೆ, ಆಲ್ಫಾ ಮಾಡೆಲಿನವರು ಅದನ್ನ ಹುಡುಕ್ಕೋಬಹುದು. ಆದ್ರೆ ಇಲ್ಲೇ ನಟ್ಟಿನ ಸಮಸ್ಯೆ ಬರೋದು. ಕೆಲವು ಗಾಡೀಲಿ ಅಲಾಯ್‌ಗೆ ಚಪ್ಪಟೆ ವಾಷರ್ ಇರೋ ನಟ್ಟು, ಸ್ಟೀಲಿಗೆ ಮೊನೆ ಓರೆ ಇರೋ ನಟ್ಟು. ಒಂದರದ್ದು ಇನ್ನೊಂದಕ್ಕೆ ಹಾಕಿದ್ರೆ ಬಿಗಿಯಾದಂಗೆ ಅನ್ಸತ್ತೆ, ಓಡ್ತಾ ಓಡ್ತಾ ಸಡಿಲ ಆಗಬಹುದು. ಸುಜುಕಿ ನಟ್ಟಿನ ಪಿಚ್ 1.25, ಟೊಯೊಟಾದ್ದು 1.5, ಎರಡೂ 12 ಎಂಎಂ ದಪ್ಪಾನೇ, ಒಂದೆರಡು ಸುತ್ತು ಹತ್ತತ್ತೆ ಕೂಡ, ಆಮೇಲೆ ಬೋಲ್ಟಿನ ಸುತ್ತುಗೀರೇ ಹಾಳು. ಅದಕ್ಕೆ ಸ್ಟೆಪ್ನಿ ಡಿಸ್ಕಿಗೆ ಹೊಂದೋ ಒಂದು ಸೆಟ್ ನಟ್ಟು, ಲಾಕ್ ನಟ್ಟಿದ್ರೆ ಅದರ ಕೀ, ಎರಡನ್ನೂ ಒಂದು ಹಳೇ ಕಾಲುಚೀಲಕ್ಕೆ ಹಾಕಿ ಗಂಟು ಕಟ್ಟಿ ಜಾಕಿನ ಪಕ್ಕಾನೇ ಇಟ್ಬಿಡಿ. ಗ್ಲೋವ್ ಬಾಕ್ಸಲ್ಲಿ ಬೇಡ, ಸರ್ವಿಸಿಗೆ ಬಿಟ್ಟಾಗ ಯಾರೋ ತೆಗೆದು ಇನ್ನೆಲ್ಲೋ ಇಡ್ತಾರೆ.

ಎಲ್ಲಿ ನೇತಾಡತ್ತೆ ಅನ್ನೋದೂ ಆರಿಸೋದ್ರಲ್ಲೇ ಬರತ್ತೆ. ಥಾರ್, ಜಿಮ್ನಿ ಥರ ಹಿಂಬಾಗಿಲ ಮೇಲಿದ್ರೆ ಮೊದಲು ತೂಕ. ದೊಡ್ಡ ಟೈರು, ಅದರಲ್ಲೂ ಮಡ್ ಟೈರು ಕಂಪನಿದಕ್ಕಿಂತ ಎಷ್ಟೋ ಕೆಜಿ ಜಾಸ್ತಿ, ಕಚ್ಚಾ ರಸ್ತೇಲಿ ಕುಕ್ಕಿ ಕುಕ್ಕಿ ಬಾಗಿಲ ಕೀಲು ಜೋಲತ್ತೆ, ಬಾಗಿಲು ಎತ್ತಿ ಹಾಕ್ಬೇಕಾಗತ್ತೆ, ಸಂದೀಲಿ ನೀರು ಬರತ್ತೆ. ಭಾರದ ಟೈರ್ ಹಾಕೋರು ಕೀಲಿಗೆ ಬಲ ಕೊಡೋ ಬ್ರಾಕೆಟ್ ಹಾಕ್ಸೋದು ಒಳ್ಳೇದು. ಭಾವ ಆಮೇಲೆ ಐದನೇ 235 ತಗೊಂಡ್ರಲ್ಲ, ಅದನ್ನ ಬಾಗಿಲಿಗೆ ಹಾಕೋಕೆ ಹೋದ್ರೆ ಕೆಳಗೆ ಬಂಪರಿಗೆ ಒತ್ಕೊಳ್ತು, ಬ್ರಾಕೆಟ್ ಸ್ವಲ್ಪ ಮೇಲಕ್ಕೆತ್ತಿ ಹಾಕ್ಸಬೇಕಾಯ್ತು, ಎತ್ತಿದ ಮೇಲೆ ಹಿಂದಿನ ಗಾಜಲ್ಲಿ ಅರ್ಧ ರಸ್ತೆ ಮಾಯ. ಜೀಪ್ ರಾಂಗ್ಲರಲ್ಲಿ ರಿವರ್ಸ್ ಕ್ಯಾಮೆರಾ ಸ್ಟೆಪ್ನಿಯ ಮಧ್ಯದಲ್ಲೇ ಇರತ್ತೆ, ಅಂಥದ್ರಲ್ಲಿ ಬೇರೆ ಆಫ್‌ಸೆಟ್ಟಿನ ರಿಮ್ ಹಾಕೋ ಮುಂಚೆ ಕ್ಯಾಮೆರಾಗೆ ಏನು ಕಾಣತ್ತೆ ನೋಡ್ಕೊಳ್ಳಿ.

ಫಾರ್ಚುನರ್, ಸ್ಕಾರ್ಪಿಯೊ-ಎನ್, ವಿ-ಕ್ರಾಸ್ ಥರ ಹೊಟ್ಟೆ ಕೆಳಗಿದ್ರೆ ಅಲ್ಲಿರೋ ಜಾಗ ಅಷ್ಟೇ, ಒಂದು ಸೈಜ್ ದೊಡ್ಡದು ಹಾಕೋಕೆ ಹೋದ್ರೂ ಸೈಲೆನ್ಸರ್ ಪೈಪಿಗೋ ಬಂಪರಿಗೋ ತಾಗತ್ತೆ. ಹೊರಗಿನ ನಾಲ್ಕನ್ನ ದೊಡ್ಡದು ಮಾಡ್ಸೋ ಆಸೆ ಇರೋರು ಮೊದಲು ಹೊಸ ಸೈಜಿನ ಒಂದೇ ಟೈರ್ ತರ್ಸಿ ಅದು ಸ್ಟೆಪ್ನಿ ಜಾಗದಲ್ಲಿ ಕೂರತ್ತಾ ನೋಡಿ, ಕೂರದೇ ಇದ್ರೆ ಆ ಸೈಜೇ ಬಿಟ್ಬಿಡಿ. ಇದು ತಲೆಕೆಳಗಾದ ಸಲಹೆ ಥರ ಕಾಣತ್ತೆ, ಆದ್ರೆ ಡಿಕ್ಕಿ ತುಂಬ ಟೈರ್ ಇಟ್ಕೊಂಡು ಹೆಂಡ್ತಿ ಮಕ್ಕಳ ಬ್ಯಾಗನ್ನೆಲ್ಲ ತೊಡೆ ಮೇಲೆ ಇಡೋಕೆ ಹೇಳಿದೋರನ್ನ ಕಂಡಿದೀನಿ. ಕರಾವಳಿ ಕಡೆಯವರು ಕೆಳಗಿನ ಸ್ಟೆಪ್ನಿನ ಹಿಡ್ಕೊಂಡಿರೋ ಚೈನು ಅಥವಾ ವೈರನ್ನ ವರ್ಷಕ್ಕೊಂದೆರಡು ಸಲ ಇಳಿಸಿ ಗ್ರೀಸ್ ಹಚ್ಚಿ, ಉಪ್ಪು ಗಾಳಿಗೆ ತುಕ್ಕು ಹಿಡಿದು ಬೇಕಾದ ದಿನ ಇಳಿಯೋದೇ ಇಲ್ಲ.

ಇಷ್ಟೊತ್ತು ಹೇಳಿದ್ದು ಲಿವರ್ರೋ ಬಟನ್ನೋ ಹಾಕೋ ಗಾಡಿಗಳ ಮಾತು. ಆಲ್ ವೀಲ್ ಡ್ರೈವ್ ಅಂತ ಬರತ್ತಲ್ಲ, ಜೀಪ್ ಕಂಪಾಸ್, ಎಕ್ಸ್‌ಯುವಿ700, ಗ್ರ್ಯಾಂಡ್ ವಿಟಾರಾ ಆಲ್‌ಗ್ರಿಪ್ ಥರದ್ದು, ಇವುಗಳಲ್ಲಿ ಕಂಪ್ಯೂಟರ್ ಚಕ್ರಗಳ ಸ್ಪೀಡ್ ನೋಡ್ಕೊಂಡು ತಾನೇ ಹಿಂದಕ್ಕೆ ಪವರ್ ಕಳಿಸತ್ತೆ. ಒಂದು ಚಕ್ರ ಕುಳ್ಳಗಿದ್ರೆ ಅದು ಜೋರಾಗಿ ತಿರುಗತ್ತೆ, ಗಾಡಿಗೆ ಚಕ್ರ ಜಾರ್ತಿದೆ ಅನ್ಸತ್ತೆ, ನಡುವಿನ ಕ್ಲಚ್ಚು ಸುಮ್ಮಸುಮ್ನೆ ಹಿಡಿದು ಬಿಟ್ಟು ಬಿಸಿ ಆಗತ್ತೆ. ಈ ಥರದ ಗಾಡಿಗೆ ಕಂಪನಿಯವರೇ ಸಣ್ಣ ಸ್ಟೆಪ್ನಿ ಕೊಟ್ಟಿದ್ರೆ, ಅದರ ಮೇಲೆ 80 ಅಂತ ಸ್ಟಿಕರ್ ಇರತ್ತೆ ನೋಡಿ, ಅದು ಹಾಕಿದಾಗ 80 ಕಿಲೋಮೀಟರ್ ಸ್ಪೀಡ್ ದಾಟೋ ಹಾಗಿಲ್ಲ, ಹತ್ರದ ಟೈರ್ ಅಂಗಡಿವರೆಗೆ ಮಾತ್ರ. ಅದರ ಗಾಳಿ ಸಾಮಾನ್ಯವಾಗಿ 60 ಪಿಎಸ್ಐ, ಮಾಮೂಲಿ ಟೈರಿನ ಹತ್ರಹತ್ರ ಎರಡರಷ್ಟು, ಬಂಕಿನ ಹುಡುಗ 33 ಹಾಕಿ ಕಳಿಸ್ತಾನೆ, ನೀವೇ ಬಾಯ್ಬಿಟ್ಟು ಹೇಳ್ಬೇಕು. ಯಾವ ಆಕ್ಸಲ್ಲಿಗೆ ಹಾಕ್ಬೇಕು ಅಂತ ಮ್ಯಾನುವಲಲ್ಲಿ ಬರೆದಿರತ್ತೆ, ಅದನ್ನ ಒಂದು ಸಲ ಓದಿ ಫೋಟೋ ತಗೊಂಡು ಫೋನಲ್ಲಿಟ್ಕೊಳ್ಳಿ. ಇನ್ನು ಸ್ಟೆಪ್ನಿನೇ ಇಲ್ದೇ ಬರೋ ಗಾಡಿಗಳೂ ಇವೆ. 2020ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮ ತಿದ್ದಿದ ಮೇಲೆ ಟ್ಯೂಬ್‌ಲೆಸ್ ಟೈರು, ಗಾಳಿ ಒತ್ತಡ ತೋರ್ಸೋ ವ್ಯವಸ್ಥೆ, ರಿಪೇರಿ ಕಿಟ್ಟು ಇದ್ರೆ ಸ್ಟೆಪ್ನಿ ಕೊಡ್ಬೇಕು ಅಂತಿಲ್ಲ. ಬೆಂಗಳೂರಲ್ಲೇ ಓಡಾಡೋರಿಗೆ ಅದು ನಡೆಯತ್ತೆ. ಚಾರ್ಮಾಡಿ ಆ ಕಡೆ ಈ ಕಡೆ ಓಡಾಡೋರಿಗೆ, ನಮ್ಮ ಸೈಡ್‌ವಾಲ್ ಕತೆ ಮೇಲೆ ಓದಿದ್ರಲ್ಲ, ಪೂರ್ತಿ ಸೈಜಿನದ್ದೊಂದು ಬೇಕೇ ಬೇಕು.

ಹೊಸದೇ ತಗೋಬೇಕು ಅಂತೇನಿಲ್ಲ. ಥಾರ್ ಜಿಮ್ನಿ ತಗೊಂಡೋರು ಎಷ್ಟೋ ಜನ ಮೊದಲ ವಾರಾನೇ ಕಂಪನಿ ಟೈರು ರಿಮ್ಮು ಬಿಚ್ಚಿ ಮಾರ್ತಾರೆ, ಕಂಪನಿ ಸೈಜಲ್ಲೇ ಓಡಿಸೋರಿಗೆ ಅದಕ್ಕಿಂತ ಒಳ್ಳೆ ಸ್ಟೆಪ್ನಿ ಸಿಗಲ್ಲ. ನೋಡ್ಬೇಕಾದ್ದು ಸೈಡಲ್ಲಿ ಡಾಟ್ ಅಂತ ಶುರುವಾಗೋ ಸಾಲಿನ ಕೊನೆಯ ನಾಲ್ಕು ಅಂಕಿ, 2321 ಅಂತಿದ್ರೆ 2021ನೇ ಇಸವಿಯ 23ನೇ ವಾರದಲ್ಲಿ ಆಗಿದ್ದು. ಐದಾರು ವರ್ಷ ದಾಟಿದ್ದು ಎಷ್ಟೇ ಹೊಸದಾಗಿ ಕಂಡ್ರೂ ನಾನು ಕೈ ಹಾಕಲ್ಲ, ಬಿಸಿಲಲ್ಲಿ ನೇತಾಡಿದ ರಬ್ಬರು ಓಡದೇ ಇದ್ರೂ ಒಳಗೇ ಒಣಗಿರತ್ತೆ, ಟ್ರೆಡ್ ಸಂದಿಲಿ ಉಗುರಲ್ಲಿ ಅಗಲಿಸಿ ನೋಡಿದ್ರೆ ಕೂದಲೆಳೆ ಬಿರುಕು ಕಾಣತ್ತೆ. ಸೈಡಲ್ಲಿ ಕೈ ಸವರಿ, ಎಲ್ಲಾದ್ರೂ ಗುಳ್ಳೆ ಎದ್ದಿದ್ರೆ ಬಿಟ್ಟು ಎದ್ದು ಬನ್ನಿ. ರಿಮ್ಮಿಂದ ಬಿಚ್ಚಿಸಿ ಒಳಗೂ ಇಣುಕಿ, ಒಳಗಿನ ಪ್ಯಾಚು ಹೊರಗೆ ಕಾಣಲ್ಲ. ಅಂಗಡಿಯವರು ಬಿಚ್ಚಲ್ಲ ಅಂದ್ರೆ ಅದರಲ್ಲೇ ಉತ್ತರ ಇದೆ.

ನಾಲ್ಕು ಟೈರು ಈಗಾಗ್ಲೇ ಅರ್ಧ ಸವೆದಿದೆ, ಸ್ಟೆಪ್ನಿ ಹೊಸದು, ಏನ್ಮಾಡೋದು ಅಂತ ಕೇಳ್ತೀರಾ? ಸದ್ಯಕ್ಕೆ ಸವೆದಿರೋ ಒಳ್ಳೆ ಹಳೇದೊಂದು ಅದೇ ಪ್ಯಾಟರ್ನಲ್ಲಿ ಹುಡುಕಿ ಸ್ಟೆಪ್ನಿಗೆ ಹಾಕಿ, ಹೊಸದನ್ನ ಮುಂದಿನ ಸೆಟ್ಟಿಗೆ ಎತ್ತಿಡಿ. ಹೊಸ ಸೆಟ್ ತಗೊಳ್ಳೋರು ಐದನ್ನೂ ಒಟ್ಟಿಗೆ ತಗೊಂಡು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಐದನ್ನೂ ತಿರುಗ್ಸಿ ಹಾಕಿ. ನಾವು ಮಾಡೋದು ಹೀಗೆ: ಸ್ಟೆಪ್ನಿ ಹಿಂದಿನ ಬಲಕ್ಕೆ, ಹಿಂದಿನ ಬಲದ್ದು ಮುಂದಿನ ಬಲಕ್ಕೆ, ಮುಂದಿನ ಬಲದ್ದು ಅಡ್ಡ ಹಿಂದಿನ ಎಡಕ್ಕೆ, ಹಿಂದಿನ ಎಡದ್ದು ಮುಂದಿನ ಎಡಕ್ಕೆ, ಮುಂದಿನ ಎಡದ್ದು ಸ್ಟೆಪ್ನಿ ಜಾಗಕ್ಕೆ. ಐದೂ ಒಂದೇ ಥರ ಸವೆಯತ್ತೆ, ಒಂದು ಟೈರು ಬಿಸಿಲಲ್ಲಿ ಸುಮ್ನೆ ವಯಸ್ಸಾಗೋದು ತಪ್ಪತ್ತೆ. ಟೈರಿನ ಸೈಡಲ್ಲಿ ಬಾಣದ ಗುರುತಿದ್ರೆ ಅದು ಒಂದೇ ದಿಕ್ಕಲ್ಲಿ ತಿರುಗೋ ಟೈರು, ಅಂಥದ್ದನ್ನ ಅಡ್ಡ ಹಾಕೋಕಾಗಲ್ಲ, ಸ್ಟೆಪ್ನಿಗೂ ಅರ್ಧ ಸಲ ಉಲ್ಟಾ ದಿಕ್ಕೇ ಸಿಗತ್ತೆ, ಅದಕ್ಕೆ ಫೋರ್ ಬೈ ಫೋರ್‌ಗೆ ಬಾಣ ಇಲ್ಲದ ಪ್ಯಾಟರ್ನೇ ನನಗಿಷ್ಟ. ಚಕ್ರದೊಳಗೆ ಗಾಳಿ ಸೆನ್ಸರ್ ಇರೋ ಗಾಡಿ ಆದ್ರೆ ಸ್ಟೆಪ್ನಿಗೂ ಒಂದು ಹಾಕ್ಸಿ, ಇಲ್ಲಾಂದ್ರೆ ಪ್ರತಿ ಸಲ ತಿರುಗ್ಸಿದಾಗ್ಲೂ ಡ್ಯಾಶ್‌ಬೋರ್ಡಲ್ಲಿ ಹಳದಿ ದೀಪ.

ಇಷ್ಟೆಲ್ಲ ಆದ್ಮೇಲೂ ಬೇರೆ ಸೈಜಿನದ್ದೇ ಹಾಕೋ ಪರಿಸ್ಥಿತಿ ಬಂತು ಅನ್ಕೊಳ್ಳಿ. ಟೂ ಹೈಲೇ ಇರಿ. ಹಿಂದಿನ ಡಿಫರೆನ್ಷಿಯಲ್ ತಾನಾಗಿ ಲಾಕ್ ಆಗೋ ಥರದ್ದಿದ್ರೆ ಹಿಂದೆ ಎಡ ಬಲ ಬೇರೆ ಸೈಜ್ ಬೇಡ, ಪಂಕ್ಚರ್ ಹಿಂದೆ ಆಗಿದ್ರೂ ಮುಂದಿಂದ ಒಳ್ಳೇದೊಂದು ಹಿಂದಕ್ಕೆ ಹಾಕಿ ಸ್ಟೆಪ್ನಿನ ಮುಂದೆ ಹಾಕಿ, ಎರಡು ಸಲ ಜಾಕ್ ಎತ್ತೋ ಕೆಲಸ, ಆದ್ರೂ ಡಿಫರೆನ್ಷಿಯಲ್ ಬಿಚ್ಚಿಸೋದಕ್ಕಿಂತ ಅಗ್ಗ. ಕೆಸರಲ್ಲಿ ಸಿಕ್ಕಿಹಾಕ್ಕೊಂಡ್ರೆ ಫೋರ್ ಹೈ ಹಾಕಿ ಆಚೆ ಬನ್ನಿ, ಗಟ್ಟಿ ನೆಲ ಸಿಕ್ಕಿದ ಕೂಡ್ಲೇ ತೆಗೆದುಬಿಡಿ, ಪಕ್ಕದಲ್ಲಿ ಕೂತೋರಿಗೆ ನೆನಪಿಸೋಕೆ ಹೇಳಿ. ಡಿಫ್ ಲಾಕ್ (ಡಿಫರೆನ್ಷಿಯಲ್ ಲಾಕ್ ಮಾಡೋ) ಬಟನ್ ಮುಟ್ಲೇಬೇಡಿ.

ಗಾಳಿ ವಿಷ್ಯ ಇಷ್ಟೇ, ಸ್ಟೆಪ್ನಿಗೆ ಮಾಮೂಲಿಗಿಂತ ನಾಲ್ಕೈದು ಪಿಎಸ್ಐ ಜಾಸ್ತಿ ತುಂಬ್ಸಿಡಿ, ತಿಂಗಳಿಗೊಂದು ಸಲ ಗೇಜ್ ಹಿಡೀರಿ, ಕಮ್ಮಿ ಮಾಡೋದು ಎಲ್ಲಿ ಬೇಕಾದ್ರೂ ಆಗತ್ತೆ, ಹೆಚ್ಚು ಮಾಡೋದೇ ಕಷ್ಟ. ಟೈರ್ ದೊಡ್ಡದು ಮಾಡ್ಸಿ ಲಿಫ್ಟ್ ಮಾಡ್ಸಿದೋರು ಕಂಪನಿ ಜಾಕ್ ಅಷ್ಟೆತ್ತರ ಎತ್ತತ್ತಾ ನೋಡ್ಕೊಳ್ಳಿ, ಜೊತೆಗೆ ಒಂದಡಿ ಹಲಗೆ ತುಂಡು ಇಟ್ಕೊಳ್ಳಿ, ಕೆಸರಲ್ಲಿ ಜಾಕ್ ನೆಲದೊಳಗೆ ಹೋಗತ್ತೆ ಹೊರತು ಗಾಡಿ ಮೇಲೆ ಬರಲ್ಲ. ಸ್ಟೆಪ್ನಿ ಹಾಕಿದ ಮೇಲೆ ಐವತ್ತು ಕಿಲೋಮೀಟರ್ ಓಡಿಸಿ ಇನ್ನೊಂದು ಸಲ ನಟ್ಟು ಬಿಗಿ ನೋಡಿ.

ಜಿಪ್ಸಿಯ ನಾಲ್ಕು ನಟ್ಟು ಮಾರನೇ ದಿನಾನೇ ವಾಪಸ್ ಹೋಯ್ತು. ರೈಟರ್‌ಗೆ ಅವರ ಹಾಳಾದ ಸಾಕೆಟ್ ಬದ್ಲು ಭಾವ ಹೊಸದೊಂದು ಸೆಟ್ಟೇ ತಗೊಂಡೋಗಿ ಕೊಟ್ರು, ಅವರು ತಗೊಂಡು ಮೊದಲು ಕೇಳಿದ್ದು, "ಕೀ ತಂದಿದೀರಾ ಸಾರ್ ಈ ಸಲ?"